ಬಿಸಿನೀರಿಗೆ ಜಗ್ಗದ ಕ್ಯಾಪ್ಸೂಲು

"ಹಾಕು!"

ಚಿಕ್ಕಮ್ಮ ಕೂಗಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಐದು ಕ್ಯಾಪ್ಸೂಲುಗಳಲ್ಲಿ ಒಂದು ಜಾರಿ, ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಫ್ರಿಜ್ಜಿನಡಿ ಸೇರಿತು.

"ಬಗ್ಗಬೇಡ, ಅದು ಹೋಯ್ತು. ಡಬ್ಬಿಯಿಂದ ಇನ್ನೊಂದು ತಗೋ. ಈ ಸಲ ಐದೂ ಒಟ್ಟಿಗೆ ಬೀಳಬೇಕು. ಒಂದು, ಎರಡು, ಹ್ಞಾಂ!"

ಐದು ಲೋಟಗಳಿಗೆ ಐದು ಕ್ಯಾಪ್ಸೂಲು ಬಿದ್ದವು. ಚಿಕ್ಕಮ್ಮ ಸ್ಟಾಪ್‌ವಾಚ್ ಒತ್ತಿದರು. ಲೋಟಗಳ ಮೈಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿಗಳು: ಬಿಸಿನೀರು, ಮೈ ಬಿಸಿಯಷ್ಟು ನೀರು, ತಣ್ಣನೆ ಹಾಲು, ಸೋಡಾ, ಫ್ರಿಜ್ಜಿನ ನಿಂಬೆರಸ.

ಮೂವತ್ತೊಂದು ವರ್ಷ ಔಷಧಿ ಪರೀಕ್ಷೆಯ ಪ್ರಯೋಗಾಲಯದಲ್ಲಿ ಚಿಕ್ಕಮ್ಮ ಮಾಡಿದ್ದು ಇದೊಂದೇ ಕೆಲಸ. ಮಾತ್ರೆ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡುವುದು. ನಿವೃತ್ತಿಯಾಗಿ ಎರಡು ವರ್ಷವಾದರೂ ಕಾಫಿಗೆ ಸಕ್ಕರೆ ಹಾಕಿದ ಕೂಡಲೇ ಗಡಿಯಾರ ನೋಡುವ ಚಾಳಿ ಬಿಟ್ಟಿಲ್ಲ. ನಾನು ವಿಮಾ ಕಂಪನಿಯಲ್ಲಿ ತನಿಖೆ ಮಾಡುವವಳು. ರಜೆ ಹಾಕಿ ಚಿಕ್ಕಮ್ಮನ ಮನೆಗೆ ಬಂದವಳು ಈ ಗೋಜಿಗೆ ಸಿಕ್ಕಿಬಿದ್ದಿದ್ದೆ.

ಗೋಜು ಇಷ್ಟೇ: ಕಳೆದ ಭಾನುವಾರ ಮಧ್ಯಾಹ್ನ ಚದುರಂಗ ಕ್ಲಬ್ಬಿನ ಅಂತಿಮ ಪಂದ್ಯದಲ್ಲಿ, ಗೆಲ್ಲುವ ಆಟವನ್ನು ಅರ್ಧಕ್ಕೆ ಬಿಟ್ಟು, ಎಪ್ಪತ್ತೆರಡರ ಆನೆಯಜ್ಜಿ ಬೋರ್ಡಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಡಾಕ್ಟರು ಪರೀಕ್ಷೆ ಮಾಡಿದಾಗ ಅವರ ರಕ್ತದಲ್ಲಿ ನಿದ್ದೆಯ ಔಷಧಿ ಸಿಕ್ಕಿತ್ತು.

"ನೋಡು, ನೋಡು. ಬಿಸಿನೀರಿನವನು ಬಾಯಿ ಬಿಟ್ಟ!"

ಬಿಸಿನೀರಿನ ಲೋಟದಲ್ಲಿ ಕ್ಯಾಪ್ಸೂಲಿನ ತುದಿ ತೆಳ್ಳಗಾಗಿ, ಹಸಿರು ಪುಡಿ ಹೊಗೆಯ ಹಾಗೆ ಹೊರಗೆ ಬರುತ್ತಿತ್ತು. ಎರಡು ನಿಮಿಷಕ್ಕೆ ಚಿಪ್ಪೇ ಇಲ್ಲ. ಮೈ ಬಿಸಿಯಷ್ಟು ನೀರಿನದು ಐದು ನಿಮಿಷ ತೆಗೆದುಕೊಂಡಿತು. ಸೋಡಾದಲ್ಲಿದ್ದದ್ದು ಮೈತುಂಬ ಗುಳ್ಳೆ ಅಂಟಿಸಿಕೊಂಡು ಮೇಲೆ ಬರುತ್ತಿತ್ತು, ಗುಳ್ಳೆ ಒಡೆದರೆ ಕೆಳಗೆ ಹೋಗುತ್ತಿತ್ತು, ಮತ್ತೆ ಮೇಲೆ. ಕರಗುವ ಯೋಚನೆಯೇ ಇದ್ದಂತಿರಲಿಲ್ಲ. ಹಾಲಿನಲ್ಲಿ ಏನಾಗುತ್ತಿದೆ ಎಂದು ಚಮಚದಲ್ಲಿ ಎತ್ತಿ ಎತ್ತಿ ನೋಡಬೇಕಾಯಿತು.

ಇಪ್ಪತ್ತು ನಿಮಿಷವಾದ ಮೇಲೆ ಚಿಕ್ಕಮ್ಮ ನಿಂಬೆರಸದಿಂದ ಕ್ಯಾಪ್ಸೂಲನ್ನು ಎತ್ತಿ ತಮ್ಮ ಅಂಗೈ ಮೇಲಿಟ್ಟುಕೊಂಡರು. ಊದಿಕೊಂಡು ಮೆತ್ತಗಾಗಿತ್ತು. ಆದರೆ ಇಡಿಯಾಗಿತ್ತು.

"ಜೆಲಾಟಿನ್ ಚಿಪ್ಪು ಇದು. ಬಿಸಿ ಕಂಡ್ರೆ ಓಡಿಹೋಗುತ್ತೆ, ಚಳಿ ಕಂಡ್ರೆ ಮುದುರಿ ಕೂರುತ್ತೆ," ಎಂದರು. "ಈಗ ಅಜ್ಜಿಯ ಹಾಳೆ ಕೊಡು."

ಆನೆಯಜ್ಜಿ ತಮ್ಮ ಕೈಯಾರೆ ನಡೆಗಳನ್ನು ಬರೆದಿಟ್ಟ ಹಾಳೆಯನ್ನು ಕೊಟ್ಟೆ. ಅಜ್ಜಿಗೆ ಆ ಹೆಸರು ಬಂದದ್ದು ಆನೆಗಳಿಂದಲೇ. ಬೇರೆಯವರು ಮಂತ್ರಿಯನ್ನು ಮುದ್ದು ಮಾಡಿದರೆ ಈಕೆ ಎರಡು ಆನೆಗಳನ್ನು ಬಿಟ್ಟು ಎದುರಾಳಿಯ ಮನೆ ಮುರಿಯುತ್ತಿದ್ದರು. ಹಾಳೆಯಲ್ಲಿ ಹದಿಮೂರನೇ ನಡೆಯವರೆಗೆ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಹದಿನಾಲ್ಕನೆಯದು ಗೆರೆಯಿಂದ ಕೆಳಗೆ ಜಾರಿತ್ತು. ಹದಿನೆಂಟನೆಯದು ಜಿರಲೆ ಓಡಿದ ಹಾಗೆ. ಹತ್ತೊಂಬತ್ತು ಎಂದು ಬರೆದು ಮುಂದೆ ಒಂದು ಉದ್ದನೆಯ ಗೀಟು, ಅಷ್ಟೇ.

"ಅಜ್ಜಿ ಇದೇ ನೆನಪಿನ ಶಕ್ತಿಯ ಗಿಡಮೂಲಿಕೆ ಕ್ಯಾಪ್ಸೂಲನ್ನ ನುಂಗಿದ್ದು ಎಷ್ಟು ಹೊತ್ತಿಗೆ?"

"ಎರಡೂ ಮೂವತ್ತೈದು. ತಣ್ಣನೆ ನಿಂಬೆರಸದ ಜೊತೆ. ತೀರ್ಪುಗಾರರು ಬರೆದಿಟ್ಟಿದಾರೆ."

"ಹದಿನಾಲ್ಕನೇ ನಡೆ?"

"ಎರಡೂ ನಲವತ್ತು."

ಚಿಕ್ಕಮ್ಮ ಅಂಗೈ ಮೇಲಿದ್ದ ಊದಿದ ಕ್ಯಾಪ್ಸೂಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಐದು ನಿಮಿಷ! ತಣ್ಣನೆ ರಸದ ಜೊತೆ ಒಳಗೆ ಹೋಗಿದೆ. ಹೊಟ್ಟೆ ಅದನ್ನ ಬೆಚ್ಚಗೆ ಮಾಡಬೇಕು, ಚಿಪ್ಪು ಬಿಡಬೇಕು, ಪುಡಿ ರಕ್ತಕ್ಕೆ ಸೇರಬೇಕು. ಅರ್ಧ ಗಂಟೆಗೆ ಮುಂಚೆ ಏನೂ ಆಗಲ್ಲ. ಅಜ್ಜಿ ಬರವಣಿಗೆ ಜಾರುವಾಗ ಈ ಮಹಾಶಯ ಇನ್ನೂ ಒಳಗೆ ಮುದುರಿ ಕೂತಿದ್ದ. ಇದನ್ನ ಮಾರಿದ ಗಿಡಮೂಲಿಕೆ ಅಂಗಡಿಯವನದು ತಪ್ಪಿಲ್ಲ."

ನನಗೆ ಖುಷಿಯಾಯಿತು. ಅಜ್ಜಿಯ ಮಗ, ಹಲ್ಲಿನ ಡಾಕ್ಟರು, ದೂರು ಕೊಟ್ಟು ಆ ಅಂಗಡಿಯ ಬಾಗಿಲು ಹಾಕಿಸಿದ್ದ. ಒಂದೋ ಅಂಗಡಿಯವನ ಕಲಬೆರಕೆ, ಇಲ್ಲವೇ ಅಮ್ಮನೇ ಅರಳುಮರಳಿನಲ್ಲಿ ಏನೋ ನುಂಗಿದ್ದು, ಮೂರನೆಯದಿಲ್ಲ ಎಂಬುದು ಅವನ ವಾದ. ಹೇಗಿದ್ದರೂ ಅಮ್ಮ ಇನ್ನು ಒಬ್ಬರೇ ಹೊರಗೆ ಹೋಗಕೂಡದು, ಚದುರಂಗ ಸಾಕು ಎಂದು ಬೋರ್ಡನ್ನು ಎತ್ತಿ ಅಟ್ಟಕ್ಕೆ ಹಾಕಿದ್ದ. ಎಪ್ಪತ್ತು ದಾಟಿದವರನ್ನು ಪಂದ್ಯಕ್ಕೆ ಬಿಡಬೇಕೋ ಬೇಡವೋ ಎಂದು ಕ್ಲಬ್ಬಿನ ಸಮಿತಿ ನಾಳೆ ಹನ್ನೊಂದಕ್ಕೆ ತೀರ್ಮಾನ ಮಾಡುವುದಿತ್ತು. ನಮ್ಮ ಹತ್ತಿರ ಗುಟ್ಟಾಗಿ ಓಡಿಬಂದವಳು ಅಜ್ಜಿಯ ಸೊಸೆ. "ನಮ್ಮತ್ತೆ ನನ್ನನ್ನ ದಿನಾ ಆಟದಲ್ಲಿ ಸೋಲಿಸ್ತಾರೆ. ಅವರಿಗೇ ಅರಳುಮರಳು ಅಂದ್ರೆ ನನ್ನ ಗತಿ ಏನು?" ಎಂದಿದ್ದಳು.

"ಹಾಗಾದ್ರೆ ಔಷಧಿ ಅಜ್ಜಿ ಹೊಟ್ಟೆಗೆ ಹೋದದ್ದು ಮುಂಚೆನೇ," ಎಂದೆ.

"ಎರಡು ಗಂಟೆಯ ಸುಮಾರಿಗೆ. ಆಗ ಅವರು ಏನು ಕುಡಿದ್ರು?"

* * *

"ಬಿಸಿನೀರು," ಎಂದಳು ಕ್ಯಾಂಟೀನಿನ ಅಕ್ಕ. "ಅಜ್ಜಿದು ಮನೆಯಿಂದಲೇ ಬರುತ್ತೆ, ಫ್ಲಾಸ್ಕಲ್ಲಿ. ಎರಡು ಗಂಟೆಗೆ, ಆಟ ಶುರು ಆಗೋ ಮುಂಚೆ, ಎರಡು ಮುಚ್ಚಳ ಕುಡಿದ್ರು, ನಾನೇ ನೋಡಿದೀನಿ."

ಚದುರಂಗ ಕ್ಲಬ್ಬು ಎಂದರೆ ಒಂದು ಹಳೆಯ ಕಟ್ಟಡದ ಮೊದಲ ಮಹಡಿ. ಉದ್ದನೆಯ ಕೋಣೆ, ಎಂಟು ಮೇಜು, ಗೋಡೆಯ ಮೇಲೆ ಗೆದ್ದವರ ಪಟ್ಟಿ, ತಿರುಗುವಾಗಲೆಲ್ಲ ಕಿರುಗುಟ್ಟುವ ಮೂರು ಫ್ಯಾನು. ಮೂಲೆಯಲ್ಲಿ ಅಡ್ಡ ಹಲಗೆ ಹಾಕಿದರೆ ಅದೇ ಕ್ಯಾಂಟೀನು.

"ಫ್ಲಾಸ್ಕು ಎಲ್ಲಿ?" ಚಿಕ್ಕಮ್ಮ ಕೇಳಿದರು.

ಅಕ್ಕ ಮೋರೆ ಸಣ್ಣದು ಮಾಡಿಕೊಂಡಳು. "ಅವತ್ತು ಗಲಾಟೆಯಲ್ಲಿ ಇಲ್ಲೇ ಉಳೀತು. ನೀರನ್ನ ಹೂಕುಂಡಕ್ಕೆ ಸುರಿದೆ. ತೊಳೆಯೋಕೆ ಬಿಡುವೇ ಆಗಲಿಲ್ಲ ಕಣ್ರೀ."

"ಬಂಗಾರದಂಥ ಸೋಮಾರಿತನ!" ಎಂದು ಚಿಕ್ಕಮ್ಮ ಅವಳ ಕೆನ್ನೆ ತಟ್ಟಿದರು. ಬೈಗುಳಕ್ಕೆ ತಯಾರಾಗಿದ್ದ ಅಕ್ಕ ಬೆಪ್ಪಾಗಿ ನಿಂತಳು.

ಚಿಕ್ಕಮ್ಮ ಉದ್ದ ಚಮಚದಿಂದ ಫ್ಲಾಸ್ಕಿನ ತಳ ಕೆರೆದರು. ಒಣಗಿದ ಈರುಳ್ಳಿ ಸಿಪ್ಪೆಯಂಥ ಪಾರದರ್ಶಕ ಚೂರೊಂದು ಬಂತು. ಅದನ್ನು ಎರಡು ಭಾಗ ಮಾಡಿ, ಒಂದನ್ನು ಕುದಿಯುವ ನೀರಿನ ಬಟ್ಟಲಿಗೆ, ಇನ್ನೊಂದನ್ನು ತಣ್ಣೀರಿನ ಬಟ್ಟಲಿಗೆ ಹಾಕಿದರು. ನಾವು ಮೂವರೂ ತಲೆಗೆ ತಲೆ ತಾಗಿಸಿಕೊಂಡು ನೋಡುತ್ತ ನಿಂತೆವು. ಯಾರೋ ಬಂದು ಕಾಫಿ ಕೇಳಿದರು. ಅಕ್ಕ "ಆಮೇಲೆ" ಎಂದು ಗದರಿದಳು.

ಹತ್ತು ನಿಮಿಷ ಕಳೆಯಿತು. ಕುದಿನೀರಿನ ಚೂರು ಲೋಳೆಲೋಳೆಯಾಗಿ ಹಾಗೆಯೇ ಕೂತಿತ್ತು. ತಣ್ಣೀರಿನ ಬಟ್ಟಲಲ್ಲಿ ಚೂರು ಎಲ್ಲಿದೆ ಎಂದು ಹುಡುಕಬೇಕಾಯಿತು. ಇನ್ನೂ ಐದು ನಿಮಿಷಕ್ಕೆ ಅದು ಇರಲೇ ಇಲ್ಲ.

"ಉಲ್ಟಾ!" ಎಂದೆ.

"ಉಲ್ಟಾನೇ!" ಚಿಕ್ಕಮ್ಮನ ಕಣ್ಣುಗಳು ಮಿನುಗಿದವು. "ಇದು ಗಿಡದ ನಾರಿನಿಂದ ಮಾಡಿದ ಚಿಪ್ಪು. ಕುದಿನೀರಿಗೆ ಜಗ್ಗಲ್ಲ. ನೀರು ಆರಿದ ಮೇಲೆ ಮೆಲ್ಲಗೆ ಬಿಟ್ಕೊಳ್ಳುತ್ತೆ. ಅಜ್ಜಿ ನುಂಗೋದು ಜೆಲಾಟಿನ್ ಚಿಪ್ಪಿನದು. ಅಂದ್ರೆ ಫ್ಲಾಸ್ಕಲ್ಲಿ ಇದ್ದದ್ದು ಬೇರೆ ಕ್ಯಾಪ್ಸೂಲು. ಅಕ್ಕಾ, ಅಜ್ಜಿ ಅವತ್ತು ಆ ಬಿಸಿನೀರಿಗೆ ಏನಾದ್ರೂ ಬೆರೆಸಿದ್ರಾ?"

"ತಣ್ಣೀರು. ಬೆಳಗ್ಗೆ ತುಂಬಾ ಬಿಸಿ ಇತ್ತಂತೆ. ಊಟದ ಡಬ್ಬಿ ಮುಗಿಸಿದ ಮೇಲೆ ನನ್ನ ಹತ್ರ ಒಂದು ಲೋಟ ತಣ್ಣೀರು ಇಸ್ಕೊಂಡು ಫ್ಲಾಸ್ಕಿಗೇ ಸುರ್ಕೊಂಡ್ರು. ಆಗ ಮಧ್ಯಾಹ್ನ ಒಂದು ಗಂಟೆ ಇರಬಹುದು."

ನಾನು ಮೂಲೆಯ ಮೇಜಿನ ಕಡೆ ನೋಡಿದೆ. ಅಲ್ಲಿ ಲೆಕ್ಕದ ಮೇಷ್ಟ್ರು ಒಬ್ಬರೇ ಕೂತು ಕಾಯಿ ಜೋಡಿಸುತ್ತಿದ್ದರು. ಭಾನುವಾರ ಅಜ್ಜಿಯ ಎದುರು ಕೂತಿದ್ದವರು. ಆಟದ ಗಡಿಯಾರದಲ್ಲಿ ಅಜ್ಜಿಯ ಪಾಲಿನ ಸಮಯ ಮುಗಿದದ್ದರಿಂದ ಗೆಲುವಿನ ಕಪ್ ಪಡೆದವರು. ನನ್ನ ಅನುಮಾನದ ಪಟ್ಟಿಯಲ್ಲಿ ಮೊದಲನೇ ಹೆಸರು ಅವರದೇ.

ಚಿಕ್ಕಮ್ಮ ಸೀದಾ ಹೋಗಿ ಅವರ ಎದುರಿನ ಕುರ್ಚಿ ಎಳೆದುಕೊಂಡರು.

"ಮೇಷ್ಟ್ರೇ, ಅವತ್ತು ಅಜ್ಜಿ ಫ್ಲಾಸ್ಕು ಎಲ್ಲಿತ್ತು?"

"ಇಲ್ಲೇ. ನನ್ನ ಎಡಗೈ ಪಕ್ಕ." ಅವರು ತಲೆ ಎತ್ತಲಿಲ್ಲ.

"ಕೈ ಚಾಚಿದ್ರೆ ಸಿಗೋ ಹಾಗೆ."

"ಕೈ ಚಾಚಿದ್ರೆ ಅವರ ಮಂತ್ರಿನೂ ಸಿಗ್ತಿತ್ತು. ಎತ್ತಿ ಜೇಬಿಗೆ ಹಾಕ್ಕೊಂಡ್ನಾ?"

ಕ್ಯಾಂಟೀನಿನ ಕಡೆಯಿಂದ ಅಕ್ಕ ಕಿಸಕ್ಕೆಂದಳು. ಮೇಷ್ಟ್ರ ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲು ಕೋಪಕ್ಕೆ ಅಲುಗುತ್ತಿತ್ತು.

"ನೀವು ಬಂದಿದ್ದು ಯಾಕೆ ಅಂತ ಗೊತ್ತು," ಎಂದರು. "ಊರೆಲ್ಲ ಅದೇ ಪಿಸುಪಿಸು. ಮೇಷ್ಟ್ರು ಮುದುಕಿಗೆ ಮದ್ದು ಹಾಕಿ ಗೆದ್ದ ಅಂತ. ಇಲ್ಲಿ ನೋಡಿ. ಇದು ಅವತ್ತಿನ ಹತ್ತೊಂಬತ್ತನೇ ನಡೆ. ಅವರ ಎರಡು ಆನೆನೂ ನನ್ನ ಮನೆ ಬಾಗಿಲಲ್ಲಿ ನಿಂತಿವೆ. ಇನ್ನು ನಾಲ್ಕು ನಡೆಗೆ ನನ್ನ ಕಥೆ ಮುಗೀತು. ನಾಲ್ಕು ದಿನದಿಂದ ನೋಡ್ತಿದೀನಿ, ತಪ್ಪಿಸ್ಕೊಳ್ಳೋ ದಾರಿನೇ ಇಲ್ಲ!"

"ಅದಕ್ಕೇ ನಿಮಗೆ ಅವರು ನಿದ್ದೆ ಹೋಗೋದು ಬೇಕಿತ್ತು."

ಮೇಷ್ಟ್ರು ಥಟ್ಟನೆ ಎದ್ದು ನಿಂತರು. ಗೋಡೆಯ ಕಪಾಟು ತೆರೆದು ಗೆಲುವಿನ ಕಪ್ ತಂದು ಮೇಜಿನ ಮೇಲೆ ಕುಕ್ಕಿದರು. ಎರಡು ಕಾಲಾಳು ಉರುಳಿದವು.

"ತಗೊಂಡು ಹೋಗಿ! ಸಮಿತಿಯವರಿಗೆ ಎರಡು ಸಲ ಬರೆದುಕೊಟ್ಟಿದೀನಿ, ಈ ಕಪ್ ನಂದಲ್ಲ, ಆಟ ಮತ್ತೆ ಆಡಿಸಿ ಅಂತ. ಆರು ವರ್ಷದಿಂದ ಆ ಹೆಂಗಸಿನ ಕೈಲಿ ಸೋಲ್ತಿದೀನಿ. ಒಂದು ಸಲ ಗೆದ್ರೆ, ಅವರು ಕಣ್ಣು ಬಿಟ್ಕೊಂಡು ಕೂತಿರುವಾಗ ಗೆಲ್ಲಬೇಕು. ನಿದ್ದೆ ಮಾಡೋರನ್ನ ಗೆಲ್ಲೋಕೆ ನಾನ್ಯಾಕೆ, ಸೊಳ್ಳೆ ಸಾಕು!"

ಚಿಕ್ಕಮ್ಮ ನಗು ತಡೆದುಕೊಂಡದ್ದು ನನಗೆ ಕಾಣಿಸಿತು. "ಕೂತ್ಕೊಳ್ಳಿ ಮೇಷ್ಟ್ರೇ. ಒಂದೇ ಒಂದು ಪ್ರಶ್ನೆ. ಆ ಫ್ಲಾಸ್ಕಿನ ನೀರು ನೀವೇನಾದ್ರೂ ಕುಡಿದಿದ್ರಾ?"

"ಕುಡಿದೆ. ಬೆಳಗ್ಗೆ ಹತ್ತಕ್ಕೆ, ಸೆಮಿಫೈನಲ್ಲಿಗೆ ಮುಂಚೆ. ಒಂದು ಮುಚ್ಚಳ ಅವರೇ ಕೊಟ್ರು." ಅವರ ದನಿ ಒಮ್ಮೆಲೇ ತಗ್ಗಿತು. "ನಾಲಿಗೆ ಸುಟ್ಟುಹೋಯ್ತು. ಅವರು ನಕ್ಕರು."

"ಆಮೇಲೆ ನಿದ್ದೆ ಬಂತಾ?"

"ಎಲ್ಲಿಂದ ಬರಬೇಕು? ಎರಡೂವರೆ ಗಂಟೆ ಆಡಿ ಗೆದ್ದೆ."

ಚಿಕ್ಕಮ್ಮ ನನ್ನ ಕಡೆ ತಿರುಗಿದರು. ಹೇಳದಿದ್ದರೂ ನನಗೆ ತಿಳಿಯಿತು. ನಾಲಿಗೆ ಸುಡುವಷ್ಟು ಬಿಸಿ ಇದ್ದಾಗ ಚಿಪ್ಪು ಬಾಯಿ ಬಿಟ್ಟಿರಲಿಲ್ಲ. ಒಂದು ಗಂಟೆಗೆ ತಣ್ಣೀರು ಬಿದ್ದ ಮೇಲೆ ಕರಗಿದೆ. ಎರಡಕ್ಕೆ ಅಜ್ಜಿ ಕುಡಿದಿದ್ದಾರೆ. ಎರಡೂ ನಲವತ್ತಕ್ಕೆ ಅಕ್ಷರ ಜಾರಿದೆ.

"ಆದ್ರೆ ಚಿಕ್ಕಮ್ಮಾ, ಕ್ಯಾಪ್ಸೂಲನ್ನ ಒಂದು ಗಂಟೆಗೇ ಯಾರಾದ್ರೂ ಹಾಕಿರಬಹುದಲ್ವಾ?" ಮೆಟ್ಟಿಲಿಳಿಯುತ್ತ ಕೇಳಿದೆ.

"ಆಗ ಹಾಕಿದ್ರೆ ಚಿಪ್ಪಿನ ಚೂರೂ ಉಳೀತಿರಲಿಲ್ಲ. ನಮ್ಮ ಬಟ್ಟಲಲ್ಲಿ ಏನಾಯ್ತು ನೋಡಿದೆಯಲ್ಲ. ಇದು ಗಂಟೆಗಟ್ಟಲೆ ಬಿಸಿಯಲ್ಲಿ ಬೆಂದು ತಳಕ್ಕೆ ಅಂಟಿಕೊಂಡಿದ್ದ ಚಿಪ್ಪು. ಅದಕ್ಕೇ ಆ ಚೂರು ನಮಗೆ ಸಿಕ್ತು. ನೀರು ತುಂಬಿದಾಗಲೇ ಬಿದ್ದಿದೆ."

"ಅಂದ್ರೆ ಮನೆಯಲ್ಲಿ."

"ಮನೆಯಲ್ಲಿ," ಎಂದರು ಚಿಕ್ಕಮ್ಮ. ಆಗ ಅವರು ನಗುತ್ತಿರಲಿಲ್ಲ.

* * *

ಆನೆಯಜ್ಜಿ ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದರು. ಸುಲಿದ ಕಾಳುಗಳನ್ನು ಸಾಲಾಗಿ ಎಂಟೆಂಟು ಜೋಡಿಸಿದ್ದರು. ಎದುರಿಗೆ ಎಂಟು ಸಿಪ್ಪೆ. ಬೋರ್ಡು ಅಟ್ಟ ಸೇರಿದರೂ ಆಟ ನಿಂತಿರಲಿಲ್ಲ.

"ಬನ್ನಿ ಬನ್ನಿ. ನನ್ನ ಜೈಲಿಗೆ ಸ್ವಾಗತ," ಎಂದರು. ಸೊಸೆ ನಮಗೆ ಕುರ್ಚಿ ಕೊಟ್ಟು, "ನಮ್ಮೋರು ಮಹಡಿ ಮೇಲಿದಾರೆ, ಕ್ಲಿನಿಕ್ಕು ಸಂಜೆಗೆ. ಮೆತ್ತಗೆ ಮಾತಾಡಿ," ಎಂದಳು.

ಚಿಕ್ಕಮ್ಮ ಫ್ಲಾಸ್ಕನ್ನು ಬಟಾಣಿಗಳ ನಡುವೆ ಇಟ್ಟರು. ಅಜ್ಜಿಯ ಕೈ ನಿಂತಿತು.

"ಅಜ್ಜಿ, ಭಾನುವಾರ ಬೆಳಗ್ಗೆ ಇದಕ್ಕೆ ನೀರು ತುಂಬಿದ್ದು ಯಾರು?"

"ನಾನೇ."

"ಕ್ಯಾಪ್ಸೂಲು ಹಾಕಿದ್ದು?"

ಅಜ್ಜಿ ಒಂದು ಬಟಾಣಿಯನ್ನು ಎತ್ತಿ, ಮುಂದಿನ ಮನೆಗೆ ಇಟ್ಟು, ಮತ್ತೆ ವಾಪಸ್ ತೆಗೆದುಕೊಂಡರು. ಪಂದ್ಯದಲ್ಲಿ ಅವರು ಹಾಗೆ ಎಂದೂ ಮಾಡಿದವರಲ್ಲ.

"ಅದೂ ನಾನೇ," ಎಂದರು.

ಸೊಸೆ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಆದ್ರೆ ಈ ಫ್ಲಾಸ್ಕಿಗಲ್ಲ ಕಣಮ್ಮ. ಇದರ ಜೋಡಿ ಇನ್ನೊಂದಿದೆ, ನನ್ನ ಮಗಂದು. ಎರಡೂ ಒಂದೇ ಥರ. ಅವನಿಗೆ ಎರಡು ತಿಂಗಳಿಂದ ಕಣ್ಣಿಗೆ ನಿದ್ದೆ ಇಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಕೂತ ರೋಗಿಗಿಂತ ದೊಡ್ಡದಾಗಿ ಇವನೇ ಬಾಯಿ ತೆರೆದು ಆಕಳಿಸ್ತಾನೆ. ಡಾಕ್ಟ್ರು ಬರೆದುಕೊಟ್ಟ ನಿದ್ದೆ ಕ್ಯಾಪ್ಸೂಲನ್ನ, ಅಭ್ಯಾಸ ಆಗಿಬಿಡುತ್ತೆ ಅಂತ ಸೀಲೂ ಒಡೀದೆ ಕಪಾಟಲ್ಲಿಟ್ಟಿದ್ದ. ಭಾನುವಾರ ತಾನೇ, ರಜೆ ತಾನೇ, ಒಂದು ಮಧ್ಯಾಹ್ನ ಮಲಗಲಿ ಪಾಪ ಅಂತ ಸೀಲು ಒಡೆದು ಒಂದನ್ನ ಅವನ ಫ್ಲಾಸ್ಕಿಗೆ ಹಾಕಿದೆ. ಅವಸರದಲ್ಲಿ ಅದನ್ನೇ ಚೀಲಕ್ಕೆ ಹಾಕ್ಕೊಂಡು ಹೊರಟುಬಿಟ್ಟೆ."

ಸೊಸೆ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು.

"ಎದ್ದ ಕೂಡಲೇ ಗೊತ್ತಾಯ್ತು," ಅಜ್ಜಿ ಮುಂದುವರಿಸಿದರು. "ಹೇಳೋಕೆ ಬಾಯಿ ಬರಲಿಲ್ಲ. ಎರಡು ಫ್ಲಾಸ್ಕು ಗುರುತು ಹಿಡಿಯೋಕೆ ಆಗದವಳು ಅರವತ್ತನಾಲ್ಕು ಮನೆ ಹೇಗೆ ನೆನಪಿಟ್ಕೊಳ್ತೀಯ ಅಂತ ಅವನು ಕೇಳಿದ್ರೆ ಏನು ಹೇಳಲಿ? ಅವನು ಹೇಳಿದ್ದೇ ಸರಿ ಇರಬಹುದು. ನಂಗೆ ವಯಸ್ಸಾಯ್ತು ಅನ್ಸುತ್ತೆ."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವರ ದನಿ ನಡುಗಿತು. ಗೆದ್ದೆವು ಎಂದುಕೊಂಡು ಬಂದವರಿಗೆ ಹೀಗೆ ಗೆಲ್ಲುವುದು ಬೇಕಿರಲಿಲ್ಲ.

ಚಿಕ್ಕಮ್ಮ ಅಜ್ಜಿಯ ಕೈ ಹಿಡಿದುಕೊಂಡರು. "ಅವಸರದಲ್ಲಿ ನಾನು ಒಂದು ಸಲ ಗಂಡನ ಚಪ್ಪಲಿ ಹಾಕ್ಕೊಂಡು ಆಫೀಸಿಗೆ ಹೋಗಿದ್ದೆ. ಆಗ ನಂಗೆ ಇಪ್ಪತ್ತೆಂಟು. ಅದಕ್ಕೆ ಅರಳುಮರಳು ಅಂತಾರಾ? ಅಂಗಡಿಯವನು ಪಾರಾದ, ಮೇಷ್ಟ್ರು ಪಾರಾದ್ರು, ಸಮಿತಿಗೆ ನಾನೇ ಬಂದು ಲೋಟ ಇಟ್ಟು ತೋರಿಸ್ತೀನಿ. ಒಂದು ಕೆಲಸ ಬಾಕಿ ಇದೆ. ಚಿಪ್ಪು ಒಂದೇ ಥರದ್ದಾ ಅಂತ ನೋಡಬೇಕು. ಆ ಕ್ಯಾಪ್ಸೂಲಿನ ಬಾಟ್ಲಿ ತರ್ತೀಯಾ ತಾಯಿ?"

ಸೊಸೆ ಪಕ್ಕದ ಕೋಣೆಗೆ ಹೋಗಿ ಕಪಾಟು ತೆರೆದ ಸದ್ದು ಕೇಳಿಸಿತು. ವಾಪಸ್ ಬಂದವಳು ಬಾಗಿಲಲ್ಲೇ ನಿಂತಳು.

"ಅತ್ತೆ... ಸೀಲು ಒಡೆದೆ ಅಂದ್ರಲ್ಲ?"

"ಹ್ಞೂಂ. ಚಾಕುವಿನಲ್ಲಿ."

"ಸೀಲು ಹಾಗೇ ಇದೆ."

ಅಜ್ಜಿ ಬಾಟಲಿಯನ್ನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಮುಚ್ಚಳದ ಸುತ್ತ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ, ಹೊಚ್ಚಹೊಸದಾಗಿ ಕೂತಿತ್ತು. "ಇಲ್ಲ, ಇಲ್ಲ. ನಾನು ಒಡೆದಿದ್ದೆ. ಪಟ್ಟಿ ಕಸದ ಬುಟ್ಟಿಗೆ ಹಾಕಿದ್ದೂ ನೆನಪಿದೆ. ನಂಗೆ ನೆನಪಿದೆ!"

"ನಿಮಗೆ ನೆನಪಿದೆ ಅಜ್ಜಿ. ನಾನು ನಂಬ್ತೀನಿ," ಎಂದರು ಚಿಕ್ಕಮ್ಮ, ಬಾಟಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸುತ್ತ. "ಯಾಕಂದ್ರೆ ಇದು ಆ ಬಾಟ್ಲಿ ಅಲ್ಲ. ಇದು ಔಷಧಿ ಅಂಗಡಿಯಿಂದ ಹೊರಗೆ ಬಂದದ್ದು ಸೋಮವಾರ. ಪಂದ್ಯ ಆದ ಮಾರನೇ ದಿನ. ಯಾರೋ ಹಳೇದನ್ನ ತೆಗೆದು ಇದನ್ನ ಇಟ್ಟಿದಾರೆ. ನೀವು ಸೀಲು ಒಡೆದದ್ದು ಅವರಿಗೆ ಗೊತ್ತಿತ್ತು, ನಿಮ್ಮ ಮೇಲೆ ಮಾತು ಬರದಿರಲಿ ಅಂತ ಮುಚ್ಚಿಟ್ಟಿರಬೇಕು."

ಔಷಧಿ ಅಂಗಡಿಯವರು ಅಂಟಿಸಿದ ಚೀಟಿಯನ್ನು ಅವರು ನನಗೆ ತೋರಿಸಿದರು. ತಾರೀಖು ಅವರು ಹೇಳಿದ್ದೇ. ಅದರ ಕೆಳಗೆ, ಯಾರಿಗಾಗಿ ಕೊಟ್ಟದ್ದು ಎಂದು ನೀಲಿ ಶಾಯಿಯಲ್ಲಿ ಬರೆದ ಹೆಸರು ಮಗನದ್ದಲ್ಲ. ಕ್ಲಬ್ಬಿನ ಗೋಡೆಯ ಮೇಲೆ ಗೆದ್ದವರ ಪಟ್ಟಿಯಲ್ಲಿ ಅದನ್ನು ನಾನು ಬೆಳಗ್ಗೆಯಷ್ಟೇ ಓದಿದ್ದೆ.

"ಲೆಕ್ಕದ ಮೇಷ್ಟ್ರು!" ಎಂದೆ. ಬೇಡವೆಂದರೂ ದನಿ ಜೋರಾಗಿಯೇ ಬಂತು.

ಮಹಡಿಯ ಮೇಲೆ ಕುರ್ಚಿ ಸರಿದ ಸದ್ದಾಯಿತು. ಮೆಟ್ಟಿಲ ತುದಿಯಿಂದ ಹಲ್ಲಿನ ಡಾಕ್ಟರು, ದಿನಾ ಕೇಳುವ ಮಾತನ್ನು ಕೇಳುವ ಹಾಗೆ, ಆಕಳಿಸುತ್ತ ಕೂಗಿದ:

"ಏನಮ್ಮಾ, ನಿನ್ನ ನೋಡೋಕೆ ಮೇಷ್ಟ್ರು ಇವತ್ತೂ ಬಂದ್ರಾ?"